ಮರುಳಸಿದ್ದಜ್ಜ ಕಣ್ಣು ಮುಚ್ಚಿಕೊಂಡು ಕೇಳಿದ್ದು

ನಮ್ಮ ಕಡೆ ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೀಯಿಸಿ, ಹಣೆತುಂಬ ವಿಭೂತಿ ಬಳಿದು, ರುಮಾಲು ಸುತ್ತಿ, ಹೂವೇರಿಸಿ, ಗೋಡೆಗೆ ಒರಗಿಸಿ ಚಕ್ಕಳಮಕ್ಕಳ ಕೂರಿಸುತ್ತಾರೆ. ಹೊಳಲ್ಕೆರೆಯ ಮರುಳಸಿದ್ದಜ್ಜ ಅವತ್ತು ಬೆಳಿಗ್ಗೆ ಪಡಸಾಲೆಯಲ್ಲಿ ಕೂತಿದ್ದದ್ದೂ ಥೇಟು ಹೀಗೆಯೇ. ವ್ಯತ್ಯಾಸ ಇಷ್ಟೇ, ಅಜ್ಜನಿಗೆ ಜೀವವಿತ್ತು. ಹದಿನೈದು ದಿನ ಕಾಡಿದ ಜ್ವರ ಹಿಂದಿನ ದಿನವಷ್ಟೇ ಬಿಟ್ಟಿತ್ತು. ಹೆಂಡತಿ ಶಿವಗಂಗಮ್ಮ ಬಿಸಿನೀರು ಹುಯ್ದು, ರುಮಾಲು ಸುತ್ತಿ, ಪೂಜೆಗೆ ಕೂರಿಸಿ, ಜ್ವರದ ಕಂಬಳಿ ಒಗೆಯಲು ಕೆರೆಗೆ ಹೋಗಿದ್ದಳು. ಪೂಜೆ ಮುಗಿಸಿದ ಅಜ್ಜ ಕೊರಳಲ್ಲಿ ಹೂವು ಹಾಕಿಕೊಂಡೇ ಗೋಡೆಗೊರಗಿ ನಿದ್ದೆಹೋಗಿದ್ದ.

ಆ ಹೊತ್ತಿಗೆ ಹೊಸದುರ್ಗದಿಂದ ತಂಗಿ ಗಂಗಕ್ಕನ ಗಾಡಿ ಬಂತು. ಅಣ್ಣನಿಗೆ ಹುಷಾರಿಲ್ಲವೆಂಬ ಸುದ್ದಿ ಅವಳನ್ನು ತಲುಪುವಷ್ಟರಲ್ಲಿ ಹತ್ತು ದಿನ ಹಳೆಯದಾಗಿತ್ತು. ಹೊಸ್ತಿಲಲ್ಲಿ ನಿಂತು ಒಂದು ಸಲ ನೋಡಿದಳು, ಅಷ್ಟೇ.

"ಅಯ್ಯೋ ನನ್ನಣ್ಣೋ! ದೇವ್ರಂಥ ಅಣ್ಣೋ!"

ಗಂಗಕ್ಕನ ಗಂಟಲು ಸಾಮಾನ್ಯದ್ದಲ್ಲ. ಬೀದಿಯವರೆಲ್ಲ ಕೈಕೆಲಸ ಬಿಟ್ಟು ಓಡಿ ಬಂದರು. ಮೂಗಿನ ಹತ್ತಿರ ಬೆರಳಿಟ್ಟು ನೋಡೋಣ ಎಂಬ ಯೋಚನೆ ಒಬ್ಬರಿಗೂ ಬರಲಿಲ್ಲ. ಒಡಹುಟ್ಟಿದವಳೇ ಎದೆ ಬಡಿದುಕೊಳ್ಳುವಾಗ ಅನುಮಾನಪಡುವ ಧೈರ್ಯ ಯಾರಿಗಿದೆ?

ಎಚ್ಚರವಂತೂ ಅಜ್ಜನಿಗೆ ಮೊದಲ ಕೂಗಿಗೇ ಆಗಿತ್ತು. ಕಣ್ಣು ಬಿಡಬೇಕೆನ್ನುವಷ್ಟರಲ್ಲಿ 'ದೇವ್ರಂಥ ಅಣ್ಣ' ಎಂಬ ಮಾತು ಕಿವಿಗೆ ಬಿತ್ತು. ಅವ್ವನ ಎಮ್ಮೆ ಯಾರಿಗೆ ಸೇರಬೇಕೆಂದು ಜಗಳವಾಡಿ, ಇಪ್ಪತ್ತು ವರ್ಷದಿಂದ ಅವನನ್ನು ಕಟುಕ ಎಂದೇ ಕರೆಯುತ್ತಿದ್ದ ತಂಗಿ! ಅಜ್ಜ ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡ. ನಲವತ್ತು ವರ್ಷ ಕೇಳಿದವರಿಗೂ ಕೇಳದವರಿಗೂ ನ್ಯಾಯ ಹೇಳಿದ ಹಿರಿಯ ಅವನು. ಊರು ಏನೆನ್ನುತ್ತದೆ, ಕೇಳಿಯೇಬಿಡೋಣ. ಊರಿನದು ಹಾಗಿರಲಿ, ಅವನಿಗೆ ನಿಜವಾಗಿ ಬೇಕಿದ್ದದ್ದು ಶಿವಗಂಗಮ್ಮನ ಮಾತು. ಐವತ್ತೆರಡು ವರ್ಷ ಸಂಸಾರ ಮಾಡಿದ ಹೆಂಗಸು ಒಂದು ದಿನಕ್ಕೂ ಅವನನ್ನು ಒಳ್ಳೆಯವನು ಅಂದಿರಲಿಲ್ಲ. ಸತ್ತ ಮೇಲಾದರೂ ಅನ್ನುತ್ತಾಳೋ ಇಲ್ಲವೋ? ಇಂಥ ಅವಕಾಶ ಮತ್ತೆ ಸಿಗುವುದಿಲ್ಲ, ಸಿಕ್ಕರೂ ಆಗ ಕಿವಿ ಕೇಳುವುದಿಲ್ಲ.

ಪಕ್ಕದ ಮನೆಯ ನಾಗಣ್ಣ ಮೂಗೊರೆಸಿಕೊಂಡು ಶುರುಮಾಡಿದ. "ಎಂಥ ಮನುಷ್ಯ! ಮಾರಿಕಣಿವೆಗೆ ಕಟ್ಟೆ ಕಟ್ಟೋವಾಗ ಬುತ್ತಿ ಕಟ್ಕಂಡು ಹೋಗಿ ಎಂಜಿನಿಯರ್ ಸಾಹೇಬ್ರಿಗೇ ಬುದ್ಧಿ ಹೇಳಾಕೆ ಹೊಂಟಿದ್ದ."

"ಸಾಹೇಬ್ರು ಕೇಳಿದ್ರಾ?"

"ಎಲ್ಲಿ ಕೇಳ್ತಾರೆ! ಜವಾನ ಒಳಗೇ ಬಿಡ್ಲಿಲ್ಲ. ಅಷ್ಟು ದೂರ ಬಂದಿದ್ದು ದಂಡ ಆಗಬಾರ್ದು ಅಂತ, ಮಣ್ಣು ಹೊರೋ ಕತ್ತೆಗಳ ಮುಂದೆ ನಿಂತು ಹೇಳಿ ಬಂದ."

ಯಾರೋ ಕಿಸಕ್ಕೆಂದರು. ಕುರಿ ಕಾಯುವ ಯತ್ತಪ್ಪನಿಗೂ ಹುರುಪು ಬಂತು. "ನಂಗೂ ನಮ್ಮಣ್ಣಂಗೂ ಗೋಡೆ ಜಗಳ ಆದಾಗ ಅಜ್ಜ ಗೋಡೆ ಮ್ಯಾಲೇ ಹತ್ತಿ ಕುಂತು ನ್ಯಾಯ ಹೇಳ್ದ. ಗೋಡೆ ಅಜ್ಜನ ಸಮೇತ ಬಿತ್ತು. ಇಬ್ರೂ ಸೇರಿ ಹೊತ್ಕಂಡ್ ಬಂದು ಮನೆಗೆ ಬಿಟ್ವಿ. ಗೋಡೇನೇ ಇಲ್ಲ ಅಂದ್ಮ್ಯಾಲೆ ಎಂಥ ಜಗಳ?"

ಪಡಸಾಲೆಯ ತುಂಬ ನಗು. ಗಂಗಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ. ಹಿತ್ತಲಲ್ಲಿ ಸಮಾಧಿಯ ಗುಂಡಿಗೆ ಅಳತೆ ಹಾಕುತ್ತಿದ್ದವರ ಮಾತೂ ಕೇಳುತ್ತಿತ್ತು. "ಬಡಕಲಾಗೋಗಿದಾನೆ, ಸಣ್ಣದು ಸಾಕು." ಅಜ್ಜನ ಮೈಯೆಲ್ಲ ಉರಿಯಿತು. ಅಷ್ಟು ವರ್ಷದ ಹಿರಿತನದಲ್ಲಿ ಉಳಿದದ್ದು ಕತ್ತೆ, ಬಿದ್ದ ಗೋಡೆ ಮತ್ತು ಸಣ್ಣ ಗುಂಡಿ! ಉರಿ ಇಳಿದ ಮೇಲೆ ಅವನಿಗೆ ನಿಜವಾಗಿಯೂ ದುಃಖವಾಯಿತು.

ಅಷ್ಟರಲ್ಲಿ ಶಿವಗಂಗಮ್ಮ ಒದ್ದೆ ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಬಂದಳು. ಜನ ದಾರಿ ಬಿಟ್ಟರು. ಅವಳು ಕಿರುಚಲಿಲ್ಲ. ಗಂಡನ ಎದುರು ಕೂತು ದಿಟ್ಟಿಸಿ ನೋಡಿದಳು. ಹೂವು ಸರಿಮಾಡುವ ನೆಪದಲ್ಲಿ ಬಗ್ಗಿ, ಶಲ್ಯದ ಮರೆಯಲ್ಲಿ ಅವನ ತೊಡೆಯನ್ನು ಬಲವಾಗಿ ಚಿವುಟಿದಳು. ಅಜ್ಜ ಹಲ್ಲು ಕಚ್ಚಿ ತಡೆದುಕೊಂಡ. ಅವಳಿಗೆ ಗೊತ್ತಾಗಿಹೋಗಿದೆ, ಇನ್ನು ಮಾನ ಹೋಯಿತು ಅಂದುಕೊಂಡ. ಆದರೆ ಅವಳು ಯಾರಿಗೂ ಹೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ರಾಗ ತೆಗೆದಳು.

"ನಾನು ಮಾಡಿದ ರೊಟ್ಟಿ ಯಾವತ್ತು ಸರಿಯಿತ್ರೀ ನಿಮಗೆ? ಒಂದಿನ ದಪ್ಪ, ಒಂದಿನ ತೆಳ್ಳಗೆ! ನನ್ನ ತವರಿನೋರ ಮೂಗು ಉದ್ದ ಅಂತ ಐವತ್ತೆರಡು ವರ್ಷ ಆಡ್ಕಂಡ್ರಿ! ನಿಮ್ಮ ಗೊರಕೆಗೆ ಎಮ್ಮೆ ಹಾಲು ಕೊಡೋದು ಬಿಡ್ತು!"

ಅಜ್ಜ ಕೂತಲ್ಲೇ ಬೆವರಿದ. ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತ್ತು, ಆದರೆ ಹೆಣ ವಾದ ಮಾಡುವಂತಿಲ್ಲ.

ನಾಗಣ್ಣ ಸಮಾಧಾನಕ್ಕೆ ಬಂದ. "ಇರ್ಲಿ ಬಿಡವ್ವ, ನಗಿಸ್ಕಂತ ಬದುಕಿದ ಜೀವ. ಪ್ಲೇಗಿನಾಗೆ ಇಲಿಗಳಿಗೆ ತಮಟೆ ಹೊಡ್ಸಿದ್ದು ಮರೆಯಾಕಾಗುತ್ತಾ?"

ಎಲ್ಲರೂ ಮತ್ತೆ ನಕ್ಕರು. ಪ್ಲೇಗು ಬಂದ ವರ್ಷ ಊರೆಲ್ಲ ಬಯಲಿನ ಗುಡಿಸಲು ಸೇರಿದ್ದಾಗ, ಅಜ್ಜ ತಮಟೆಯ ಕಾಟಪ್ಪನನ್ನು ಕರೆಸಿ, ಖಾಲಿ ಊರಿನ ಕಡೆ ಮುಖ ಮಾಡಿ ನಿಂತು, ಇಲಿಗಳು ಮೂರು ದಿನದೊಳಗೆ ಊರು ಬಿಡತಕ್ಕದ್ದು ಎಂದು ಸಾರಿದ್ದ.

"ನಗ್ರಿ," ಅಂದಳು ಶಿವಗಂಗಮ್ಮ. ದನಿಯಲ್ಲಿ ಈಗ ರಾಗವಿರಲಿಲ್ಲ. "ನಮ್ಮ ಸರ್ವಮಂಗಳ ಪ್ಲೇಗಿನಾಗೆ ಹೋಗಿ ನಾಕು ದಿನ ಆಗಿತ್ತು. ಮಗಳ ಹಿಂದೇನೇ ಹೋಗಾಣ ಅಂತ ನಾನು ಅನ್ನ ನೀರು ಬಿಟ್ಟು ಮಲಗಿದ್ದೆ. ಇವರು ಎಷ್ಟು ಬೇಡ್ಕಂಡ್ರೂ ಬಾಯಿ ತೆರೀಲಿಲ್ಲ. ಐದನೇ ದಿನ ನನ್ನ ಗುಡಿಸಲ ಮುಂದೆ ಆ ತಮಟೆ ಹೊಡ್ಸಿದ್ರು. 'ಇಲಿಗಳೇ, ಕೇಳ್ರಪ್ಪೋ' ಅಂತ ಇವರೇ ಕೂಗಿದ್ದು. ನಂಗೆ ನಗು ಬಂದ್ಬಿಡ್ತು. ನಗ್ತಾ ನಗ್ತಾ ಅತ್ತೆ. ಆಮ್ಯಾಲೆ ಒಂದು ಲೋಟ ಅಂಬಲಿ ಕುಡ್ದೆ. ಊರೋರು ಹುಚ್ಚ ಅಂದ್ರು, ಅನ್ನಿಸ್ಕಂಡ್ರು. ಯಾಕೆ ಹೊಡ್ಸಿದ್ದು ಅಂತ ಯಾರಿಗೂ ಹೇಳ್ಲಿಲ್ಲ. ನಂಗೂ ಹೇಳ್ಲಿಲ್ಲ, ನಂಗೆ ಗೊತ್ತಿಲ್ಲ ಅನ್ಕಂಡಿದಾರೆ. ಇಂಥ ಒಳ್ಳೆ ಮನುಷ್ಯನ್ನ ನಾನು ನೋಡಿಲ್ಲ."

ಅಜ್ಜನ ಮುಚ್ಚಿದ ಕಣ್ಣಿಂದ ನೀರು ಇಳಿದು ಮೀಸೆಯೊಳಗೆ ಸೇರಿತು. ಮೊದಲು ಕಂಡವಳು ಗಂಗಕ್ಕ. "ಹೆಣ ಅಳ್ತಾ ಐತ್ರೋ!" ಎಂದು ಕಿರುಚಿ ಯತ್ತಪ್ಪನ ಮೇಲೆ ಬಿದ್ದಳು. ಯತ್ತಪ್ಪ ಅವಳನ್ನು ಎತ್ತಿಕೊಂಡೇ ಓಡಿದ. ನಾಗಣ್ಣ ಬಾಗಿಲು ಸಿಗದೆ ಎರಡು ಸಲ ಅಡಿಗೆಮನೆಗೆ ಹೋಗಿ ಬಂದ. ಚಿಟಿಕೆ ಹೊಡೆಯುವಷ್ಟರಲ್ಲಿ ಮನೆ ಖಾಲಿಯಾಯಿತು.

ಅಜ್ಜ ಕಣ್ಣು ಬಿಟ್ಟ. ಶಿವಗಂಗಮ್ಮ ಒಬ್ಬಳೇ ಕೂತಿದ್ದಳು.

"ಇನ್ನೊಂದ್ಸಲ ಹೇಳೇ," ಅಂದ.

"ಏನು ಹೇಳಾಣ? ನೀವು ಹೋದ ದಿನ ಹೇಳ್ಕಂಡು ಅಳಾಕೆ ಅಂತ ಇಟ್ಕಂಡಿದ್ದು ಅದೊಂದೇ ಮಾತು. ಅದನ್ನೂ ಇವತ್ತೇ ಕಸ್ಕಂಡ್ರಿ," ಎಂದು ಅವಳು ಕಣ್ಣೊರೆಸಿಕೊಂಡಳು. "ಇನ್ನು ಸಾಯಾಂಗಿಲ್ಲ ನೀವು. ನನ್ನತ್ರ ಏನೂ ಉಳಿದಿಲ್ಲ."