ಅವ್ವನ ಕಣ್ಣಿನ ಪಾಲು

ಬಾಗಿಲ ಕೆಳಗೆ ನುಸುಳುತ್ತಿದ್ದ ಬೆಳಕಿನ ಗೆರೆಗೆ ಯಾರೋ ಹೊರಗಿನಿಂದ ಗೋಣಿಚೀಲ ತುರುಕಿದರು, ಅಲ್ಲಿಗೆ ಬಸಕ್ಕನ ಪಾಲಿಗೆ ಶಿರಾಳಕೊಪ್ಪವೇ ಇಲ್ಲವಾಯಿತು, ಸೂರ್ಯ ಇಲ್ಲ, ಪೇಟೆ ಇಲ್ಲ, ಬಸ್ಸಿನ ಹೊಗೆ ಇಲ್ಲ, ಉಳಿದದ್ದು ಬೆಲ್ಲದ ವಾಸನೆಯ ಕತ್ತಲು — ಇಂಥ ಕತ್ತಲು ಭೂಮಿ ಹುಟ್ಟುವ ಮುಂಚೆ ಒಮ್ಮೆ ಇದ್ದಿರಬೇಕು, ಆಮೇಲೆ ಇವತ್ತೇ, ಅದೂ ಬಸಕ್ಕನಿಗೆಂದೇ ಮಾಡಿಸಿದ್ದು, ಜಹಾಂಗೀರ್ ಸಾಬರ ಬೆಲ್ಲದ ಗೋದಾಮಿನಲ್ಲಿ, ಹಾಡಹಗಲಲ್ಲಿ — ಒಂದು ಗಂಟೆ ಹೀಗೇ ಕೂತಿರಬೇಕಮ್ಮ, ಕಣ್ಣು ಮುಚ್ಚಬಾರದು, ನಿದ್ದೆ ಹೋಗಬಾರದು, ಅಂದಿದ್ದರು ಕಣ್ಣಿನ ಶಿಬಿರಕ್ಕೆಂದು ಶಿವಮೊಗ್ಗದಿಂದ ಬಂದ ಡಾಕ್ಟರು, ಮತ್ತೆ ನಿದ್ದೆ ಹೋಗದ ಹಾಗೆ ಕಾಯಲು ಪಕ್ಕದಲ್ಲಿ ಕೂರಿಸಿದ್ದು ಯಾರನ್ನು, ಹುಲಿಯಮ್ಮನನ್ನು, ಒಡಹುಟ್ಟಿದ ತಂಗಿಯನ್ನು, ಉಳವಿ ಊರಿನ ಸೊಸೆಯನ್ನು, ಕರೀ ಕನ್ನಡಕದ ಮಹಾರಾಣಿಯನ್ನು. ಬಸಕ್ಕನಿಗೆ ನಿದ್ದೆ ಬಂದೀತೇ. ಈ ತಂಗಿ ಒಂದು ಮಾರು ದೂರದಲ್ಲಿದ್ದರೆ ಸಾಕು, ಅವಳ ಹೊಟ್ಟೆಯಲ್ಲಿ ಹತ್ತಿಕೊಳ್ಳುವ ಕಿಚ್ಚಿನಲ್ಲಿ ಶಿಕಾರಿಪುರ ತಾಲೂಕಿನ ಅಷ್ಟೂ ಭತ್ತ ಬೇಯಿಸಿ, ಉಳಿದ ಕೆಂಡದಲ್ಲಿ ಸೊರಬಕ್ಕೆಲ್ಲ ಹಪ್ಪಳ ಸುಡಬಹುದು. ಈಗ ಆ ತಂಗಿಯ ಮೊಣಕೈ ಇವಳ ಮೊಣಕೈಗೆ ತಾಗುತ್ತಿದೆ, ಬಳೆ ಸದ್ದು ಮಾಡುತ್ತಿವೆ, ಅವೂ ಹೊಸವು, ಕಾಯಿಲೆ ಬಿದ್ದವಳಿಗೆ ಹೊಸ ಬಳೆ ಯಾಕೆ, ಕೇಳುವವರು ಯಾರೂ ಇಲ್ಲ.

ಅವ್ವ ಹಾಲಮ್ಮನ ಕಣ್ಣು ಸಣ್ಣವು, ಈಗ ಬಂದಿರುವ ಹೊಸ ನಯಾಪೈಸೆಯನ್ನು ಅರ್ಧ ಮಾಡಿದರೆ ಎಷ್ಟೋ ಅಷ್ಟು, ಆದರೆ ಅವು ಕಂಡಷ್ಟು ದೂರ ಗರುಡನಿಗೂ ಕಾಣದು — ಜಡೆ ಊರಿನ ಮನೆಯ ಕಟ್ಟೆಯ ಮೇಲೆ ನಿಂತು, ಸೊರಬದಿಂದ ಬರುವ ಗಾಡಿಯ ಎತ್ತಿನ ಕೊಂಬಿಗೆ ಯಾವ ಬಣ್ಣ ಬಳಿದಿದ್ದಾರೆಂದು ಹೇಳುತ್ತಿದ್ದಳು, ಗಾಡಿಯನ್ನು ಸೊರಬದಲ್ಲಿ ಇನ್ನೂ ಕಟ್ಟುತ್ತಿರುವಾಗಲೇ. ಹತ್ತಿರದ ಸೂಜಿ ಮಾತ್ರ ಕಾಣದು. ದಾರ ಪೋಣಿಸಿಕೊಡ್ರೇ ಅಂತ ಮಕ್ಕಳನ್ನು ಕರೆಯುವಳು, ಆಗ ಹುಲಿಯಮ್ಮ ಎಂಬ ಆ ಹತ್ತು ವರ್ಷದ ಪೋರಿ ಸೂಜಿಯನ್ನು ತೋಳುದ್ದ ದೂರ ಹಿಡಿದು ಕಣ್ಣು ಕಿರಿದು ಮಾಡಿ, ನನಗೂ ಕಾಣಲ್ಲ ಅವ್ವ ಅನ್ನುವಳು, ಮನೆಯವರೆಲ್ಲ ಹಿಗ್ಗಿ ಹೀರೇಕಾಯಿ, ನೋಡ್ರೇ, ಥೇಟ್ ಹಾಲಮ್ಮನ ಕಣ್ಣು, ಆ ಕಣ್ಣೇ ಇಳಿದು ಬಂದಿದೆ. ಬಸಕ್ಕನಿಗೆ ಇರುವೆಯ ಕಿವಿಗೂ ದಾರ ಪೋಣಿಸುವಷ್ಟು ಚೆನ್ನಾಗಿ ಕಾಣುತ್ತಿತ್ತು, ಆದರೂ ಮರುದಿನದಿಂದ ಅವಳೂ ಸೂಜಿಯನ್ನು ತೋಳುದ್ದ ಹಿಡಿದಳು, ಬೇಕೆಂದೇ ಬೆರಳಿಗೆ ಚುಚ್ಚಿಕೊಂಡಳು, ರಕ್ತ ತೋರಿಸಿದಳು, ಅದಕ್ಕೆ ಸಿಕ್ಕಿದ್ದು ಏನು, ಇಷ್ಟು ದೊಡ್ಡ ಕಣ್ಣಿದ್ದೂ ಕುರುಡಿ ಹಂಗೆ ಆಡ್ತೀಯಲ್ಲೇ ಅಂತ ತಲೆಗೊಂದು ಮೊಟಕು. ದೊಡ್ಡ ಕಣ್ಣು, ಅಪ್ಪನ ಕಣ್ಣು, ಗೂಳಿಯ ಕಣ್ಣು — ಊರೆಲ್ಲ ಅದನ್ನೇ ಹೇಳಿತು. ಅವ್ವ ಸತ್ತಾಗ ಹಿರಿಯಳೆಂದು ಎಲ್ಲದರಲ್ಲೂ ಮೊದಲು ಆರಿಸಿಕೊಂಡವಳು ಬಸಕ್ಕನೇ, ಗುಂಡಿನ ಸರ ಇವಳದು, ತಾಮ್ರದ ಹಂಡೆ ಇವಳದು, ಇಳಕಲ್ಲಿನ ಸೀರೆ ಇವಳದು, ತಂಗಿಗೆ ಹೋದದ್ದು ಒಂದು ಹಳೆಯ ಕೌದಿ. ಕಣ್ಣನ್ನು ಆರಿಸಿಕೊಳ್ಳಲು ಮಾತ್ರ ಯಾರು ಬಿಟ್ಟರು. ಮತ್ತೆ ಆ ದೀಪ, ಅದನ್ನು ಹೇಗೆ ಮರೆಯುವುದು, ಐವತ್ತು ದಾಟಿದ ಮೇಲೆ ಅವ್ವ ಮುಸ್ಸಂಜೆ ದೇವರ ಮುಂದೆ ಕೂತು, ದೀಪದ ಸುತ್ತ ಬಣ್ಣದ ಬಳೆ ಕಾಣ್ತಾ ಇದೆ ಅಂದದ್ದು, ಮೊದಲು ಮನೆಯವರು, ಆಮೇಲೆ ಓಣಿಯವರು, ಆಮೇಲೆ ಮೂರು ಲೋಕದವರೂ ಬಂದು ಕಾಲಿಗೆ ಬಿದ್ದದ್ದು, ದೇವಿ ಬಳೆ ತೊಟ್ಟು ಹಾಲಮ್ಮನಿಗೆ ಕಾಣಿಸ್ಕೊಂಡಾಳೆ, ಇನ್ನು ಈ ಮನೆಗೆ ಏನು ಕಮ್ಮಿ. ಕೈ ಮುಗಿದರು, ಹಣ್ಣುಕಾಯಿ ಮಾಡಿಸಿದರು, ಯಾರೊಬ್ಬರೂ ಅವಳನ್ನು ವೈದ್ಯರ ಹತ್ತಿರ ಕರೆದೊಯ್ಯಲಿಲ್ಲ, ದೇವಿಗೆ ವೈದ್ಯ ಯಾಕೆ. ಮಳೆಗಾಲ ಮುಗಿಯುವುದರೊಳಗೆ ತಲೆ ಸಿಡಿಯುವ ನೋವು ಬಂತು, ವಾಂತಿ ಬಂತು, ಕಣ್ಣು ಕುಂಕುಮದ ಹಾಗಾಯಿತು, ಸೊಪ್ಪು ಅರೆದು ಕಟ್ಟಿದರು, ಕಟ್ಟು ಬಿಚ್ಚಿದಾಗ ಒಳಗೆ ಏನೂ ಉಳಿದಿರಲಿಲ್ಲ. ಕುರುಡಾದ ಅವ್ವ ಹೆಣ್ಣುಮಕ್ಕಳನ್ನು ಎದುರು ಕೂರಿಸಿಕೊಂಡು ಬೆರಳಿನಿಂದ ಮುಖ ತಡವಿದಳು, ಹುಲಿಯಮ್ಮನ ರೆಪ್ಪೆಯ ಮೇಲೆ ಬೆರಳು ನಿಂತವು, ಇವು ನನ್ನವು, ಅಂದಳು. ಬಸಕ್ಕನ ರೆಪ್ಪೆ ಮುಟ್ಟಿ, ನಿನ್ನವು ನಿಮ್ಮಪ್ಪನವು ಕಣೇ, ಒಳ್ಳೇದಾತು, ಅಂದಳು. ಒಳ್ಳೇದಾತು ಅಂದದ್ದು ಯಾಕೆಂದು ಯಾರು ಕೇಳುತ್ತ ಕೂರುತ್ತಾರೆ, ಇವು ನನ್ನವು ಅಂದದ್ದೊಂದೇ ಬಸಕ್ಕನ ಎದೆಯಲ್ಲಿ ಮುಳ್ಳಾಗಿ ಕೂತು, ಬೇರು ಬಿಟ್ಟು, ಮರವಾಗಿ, ಅದರ ಕೊಂಬೆಗೆ ಜೋಕಾಲಿ ಕಟ್ಟಬಹುದಿತ್ತು.

ಈಗ ನೋಡಿದರೆ ಈ ವರ್ಷ ತಂಗಿಗೆ ಬಳೆ ಕಾಣಿಸಿತು. ಸುದ್ದಿ ಉಳವಿಯಿಂದ ಶಿಕಾರಿಪುರಕ್ಕೆ ಬಂದಾಗ ಬಸಕ್ಕ ರೊಟ್ಟಿ ತಟ್ಟುತ್ತಿದ್ದಳು, ರೊಟ್ಟಿ ಹೆಂಚಿನ ಮೇಲೆ ಕರಕಾಗಿ, ಹೆಂಚೂ ಕರಕಾಯಿತು. ಹುಲಿಯಮ್ಮನ ಮಗ ಅವಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದ, ಡಾಕ್ಟರು ಕಣ್ಣಿನ ಕರಿಯ ಅಂಚಿನಲ್ಲಿ ಕೂದಲೆಳೆಯ ಕಿಂಡಿ ತೆಗೆದರಂತೆ, ನೆಂಟರು ಬಾಳೆಹಣ್ಣು ಹೊತ್ತು ಸಾಲುಸಾಲು ಹೋದರಂತೆ, ಆ ಸಾಲಿನ ಬಾಲ ಸಾಗರದಲ್ಲಿತ್ತಂತೆ, ಮೇಲೆ ಕರೀ ಕನ್ನಡಕ ಬೇರೆ. ಡಾಕ್ಟರು ಹೇಳಿದರಂತೆ, ಇದು ನಿಮ್ಮ ತಾಯಿಯಿಂದ ಬಂದದ್ದು. ಎಲ್ಲರ ಮುಂದೆ, ಕೋಟು ಹಾಕಿಕೊಂಡ ಮನುಷ್ಯ, ಅವ್ವನ ಕಣ್ಣು ತಂಗಿಗೇ ಸೇರಿದ್ದೆಂದು ಮುದ್ರೆ ಒತ್ತಿಬಿಟ್ಟರು. ಅಕ್ಕ ಇದ್ದರೆ ಅವರನ್ನೂ ತೋರಿಸಿ ಅಂತಲೂ ಅಂದರಂತೆ, ಅದಕ್ಕೇ ಈ ತಂಗಿ ಮೂರು ಸಲ ಹೇಳಿ ಕಳಿಸಿ, ಕೊನೆಗೆ ತಾನೇ ಬಸ್ಸು ಹತ್ತಿ ಬಂದು ಎಳೆದುಕೊಂಡು ಬಂದಳು. ಬಸಕ್ಕ ಬರದೇ ಇರುವಳೇ. ಬೆಳಗ್ಗೆ ಕುರ್ಚಿಯ ಮೇಲೆ ಕೂತವಳೇ, ಕೇಳುವ ಮುಂಚೆಯೇ ಶುರು ಮಾಡಿದಳು — ನನಗೂ ಬಳೀ ಕಾಣ್ತಾವ್ರೀ, ಒಂದಲ್ಲ ಎರಡಲ್ಲ, ಮೂವತ್ತು, ದೀಪ ಅನ್ನೋದು ಬಳೆಗಾರನ ಮಲಾರ ಆಗಿರ್ತೈತಿ. ಯಾವಾಗಿಂದ ಅಮ್ಮ. ಹುಟ್ಟಿದಾಗಿಂದ್ರೀ. ಡಾಕ್ಟರು ನಗಲಿಲ್ಲ, ಕಣ್ಣಿಗೆ ಎರಡು ಹನಿ ಬಿಟ್ಟು ಮರಗಟ್ಟಿಸಿ, ತಕ್ಕಡಿಯ ಮರಿಯಂಥದ್ದೊಂದನ್ನು ಗುಡ್ಡೆಯ ಮೇಲೇ ಇಟ್ಟು, ಅದರ ಮುಳ್ಳು ಓದಿ, ಈಗೇನೂ ಒತ್ತಡ ಜಾಸ್ತಿ ಇಲ್ಲ ಅಂದರು. ಬಸಕ್ಕನ ಮುಖ ಸಪ್ಪಗಾಯಿತು. ನನ್ನ ಕಣ್ಣು ದೊಡ್ಡವು, ಅದಕ್ಕೇನ್ರೀ. ಅದು ರೆಪ್ಪೆಯ ಮಾತಮ್ಮ, ಒಳಗಿನ ಗುಡ್ಡೆಯ ಅಳತೆ ಹೊರಗೆ ಕಾಣೋದಿಲ್ಲ, ತಾಯಿಯಿಂದ ಮಕ್ಕಳಿಗೆ ಬರೋದು ಕಾಯಿಲೆ ಅಲ್ಲ, ಆ ಅಳತೆ, ಎಲ್ಲರಿಗೂ ಬರಬೇಕು ಅಂತಿಲ್ಲ, ಆದ್ರೆ ಒಡಹುಟ್ಟಿದವರನ್ನ ನೋಡದೆ ಬಿಡಬಾರದು — ಅನ್ನುತ್ತ ಪಕ್ಕದಿಂದ ಬ್ಯಾಟರಿ ಬಿಟ್ಟು ತುಂಬಾ ಹೊತ್ತು ನೋಡಿದರು, ಹ್ಞೂಂ ಅಂದರು. ಕೆರೆಗೆ ತೂಬು ಇರೋ ಹಾಗೆ ಕಣ್ಣಿನ ಮೂಲೆಯಲ್ಲೂ ನೀರು ಹೊರಗೆ ಹೋಗೋ ದಾರಿ ಇರುತ್ತೆ, ಗುಡ್ಡೆ ಸಣ್ಣದಾದ್ರೆ ಆ ಮೂಲೆ ಇರುಕು, ಕತ್ತಲಲ್ಲಿ ಪಾಪೆ ಅಗಲವಾಗಿ ಆ ದಾರಿ ಮುಚ್ಚುತ್ತೋ ಇಲ್ಲವೋ ನೋಡಬೇಕು, ಮುಚ್ಚಿದ್ರೆ ನೀರು ಒಳಗೇ ನಿಂತು ಒತ್ತಡ ಏರುತ್ತೆ, ನಿಜವಾದ ಬಳೆ ಕಾಣೋದು ಆಗಲೇ. ಆ ಹ್ಞೂಂ ಒಂದನ್ನು ಬಸಕ್ಕ ಸೆರಗಿನಲ್ಲಿ ಗಂಟು ಹಾಕಿಕೊಂಡು ಈ ಕತ್ತಲಿಗೆ ಬಂದು ಕೂತಿದ್ದಾಳೆ, ಮುಚ್ಚಲಿ, ಮುಚ್ಚಲಿ, ಆ ತೂಬು ಮುಚ್ಚಲಿ ಎಂದು ಜಪ ಮಾಡುತ್ತ.

ಅಕ್ಕ, ನಿದ್ದೆ ಹೋದೆಯೇನೇ, ಅಂತ ಹುಲಿಯಮ್ಮ. ಇಲ್ಲ. ಮತ್ತೆ ಮಾತಾಡು ಮಾರಾಯ್ತಿ. ಏನು ಮಾತಾಡ್ಲಿ, ನಿನ್ನ ಕನ್ನಡಕ ಚಂದ ಐತಿ. ಕತ್ತಲಲ್ಲಿ ನಿನಗೆ ಕಂಡಿತೇನೇ. ಹೊಸಾದು ಕಂಡೇ ಕಾಣ್ತೈತಿ. ಹುಲಿಯಮ್ಮ ನಕ್ಕಳು, ಇಲಿಯೊಂದು ಗೋಣಿಯ ಮೇಲೆ ಓಡಿತು, ಹೊರಗೆ ಕಂಡಕ್ಟರ್ ಸೊರಬ ಸೊರಬ ಅಂತ ಕೂಗುತ್ತಿದ್ದಾನೆ. ಆಮೇಲೆ ತಂಗಿ ಮೆತ್ತಗೆ ಕೇಳಿದಳು, ಅಕ್ಕ, ಬಳೆ ಕಾಣತ್ತೆ ಅಂದ್ಯಲ್ಲ, ಹೊರಗಿನ ಸುತ್ತು ಯಾವ ಬಣ್ಣ. ಮೂವತ್ತು ಬಳೆ ತೊಡಿಸಿದವಳಿಗೆ ಒಂದಕ್ಕೂ ಬಣ್ಣ ಹಚ್ಚುವುದು ಮರೆತುಹೋಗಿತ್ತು. ಹಸಿರು, ಅಂದಳು. ಕೆಂಪು ಕಣೇ, ಹುಲಿಯಮ್ಮ ಅಂದಳು, ಹೊರಗೆ ಕೆಂಪು, ಒಳಗೆ ನೀಲಿ, ಡಾಕ್ಟ್ರು ಕೇಳಿದ್ರೆ ಹಾಗೇ ಹೇಳು. ಬಸಕ್ಕನಿಗೆ ಮೈಯೆಲ್ಲ ಉರಿಯಿತು, ಸುಳ್ಳನ್ನೂ ಇವಳ ಕೈಯಿಂದ ಭಿಕ್ಷೆ ಇಸಿದುಕೊಳ್ಳಬೇಕೇ, ನಿನ್ನ ಎಂಜಲು ನನಗ ಬ್ಯಾಡ, ಅವ್ವನ ಕಣ್ಣು ನೀನೇ ಇಟ್ಕೋ. ಹುಲಿಯಮ್ಮನಿಗೆ ಕೋಪ ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ಇಟ್ಕೊಂಡು ಏನು ಮಾಡ್ಲೇ, ಹಂಚ್ಕೊಳ್ಳೋ ಹಾಗಿದ್ರೆ ಕೌದಿ ನಾನಿಟ್ಕೊಂಡು ಇದನ್ನ ನಿನಗೇ ಕೊಡ್ತಿದ್ದೆ. ನೋವು ಬಂದ ದಿವಸ ಗೋಡೆಗೆ ತಲೆ ಚಚ್ಚಿಕೊಂಡೆ, ಕಣ್ಣು ಕಿತ್ತು ಬಾವಿಗೆ ಹಾಕೋ ಅಂತ ಮಗನ ಕಾಲು ಹಿಡಿದೆ. ಎಡಗಣ್ಣು ಉಳೀಲಿಲ್ಲ ಅಕ್ಕ, ಬಲಗಣ್ಣಿಗೆ ಮಾತ್ರ ಕಿಂಡಿ ತೆಗೆದದ್ದು, ಕನ್ನಡಕ ಅದಕ್ಕೇ, ಯಾರಿಗೂ ಹೇಳಿಲ್ಲ. ಬಸಕ್ಕ ಕತ್ತಲಲ್ಲೇ ಅತ್ತ ತಿರುಗಿದಳು. ಎಡಗಣ್ಣು. ಯಾರಿಗೂ ಹೇಳಿಲ್ಲ, ತನಗೆ ಮಾತ್ರ ಹೇಳಿದಳು, ಆದರೂ ನೋಡಿ ಈ ಹಾಳು ಮನಸ್ಸು, ಅಷ್ಟು ದೊಡ್ಡದನ್ನು ಕಳೆದುಕೊಂಡೂ ನಗುತ್ತಿದ್ದಾಳಲ್ಲ ಅಂತ ಅದಕ್ಕೂ ಒಂದು ಹಿಡಿ ಹೊಟ್ಟೆಕಿಚ್ಚು, ಕಣ್ಣು ಹೋಗುವುದರಲ್ಲೂ ಅವ್ವನಿಗೆ ಹತ್ತಿರ ಇವಳೇ. ಬಲ ಹುಬ್ಬಿನ ಮೇಲೆ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗಾಯಿತು. ಹಸಿವೆ, ಅಂದುಕೊಂಡಳು, ಬೆಳಗ್ಗೆ ಬರೀ ಚಾ ಕುಡಿದದ್ದು. ಹೆಬ್ಬೆರಳು ಇನ್ನಷ್ಟು ಒತ್ತಿತು, ಬೆಲ್ಲದ ವಾಸನೆ ಗಂಟಲಿಗೆ ಏರಿ ಹೊಟ್ಟೆ ತೊಳಸಿತು, ಕಣ್ಣೊಳಗೆ ನೀರು ತುಂಬಿದ ಕೊಡ ಇಟ್ಟಷ್ಟು ಭಾರ, ಏನೇ ಅಕ್ಕ ಉಸಿರು ಹಾಗೆ ಬಿಡ್ತೀ, ಏನಿಲ್ಲ, ಕೈ ಯಾಕೆ ಹಿಂಗೆ ಹಿಡಿದೀಯೇ, ಹಿಡಿದದ್ದು ತಾನೇ ಎಂದು ಬಸಕ್ಕನಿಗೆ ಆಗಲೇ ಗೊತ್ತಾದದ್ದು, ತಂಗಿಯ ಹೊಸ ಬಳೆ ಅವಳ ಮುಷ್ಟಿಯಲ್ಲಿ ಚಟಕ್ಕನೆ ಒಡೆಯಿತು, ಅವ್ವ ಒಳ್ಳೇದಾತು ಅಂದಿದ್ದಳು, ನಿನ್ನವು ನಿಮ್ಮಪ್ಪನವು, ಒಳ್ಳೇದಾತು, ಕುರುಡಿಯ ಬೆರಳಿಗೆ ಸಿಕ್ಕಿದ್ದು ರೆಪ್ಪೆ, ಗುಡ್ಡೆಯಲ್ಲ, ಅಷ್ಟು ದೂರ ಕಂಡವಳಿಗೆ ಇದೊಂದು ಕಾಣಲಿಲ್ಲ.

ಬಾಗಿಲು ಕಿರ್ರೆಂದಿತು, ಹಗಲನ್ನು ಒಳಗೆ ಬಿಡದ ಹಾಗೆ ಕಂಬಳಿ ಇಳಿಬಿಟ್ಟು, ಬತ್ತಿ ತಗ್ಗಿಸಿದ ಲಾಟೀನು ಹಿಡಿದು ಡಾಕ್ಟರು ಬಂದರು, ಗಂಟೆ ಆಯಿತಮ್ಮ, ಎಲ್ಲಿ, ಇತ್ತ ನೋಡಿ, ಬಳೆ ಕಾಣ್ತಿದೆಯಾ, ಎಷ್ಟು. ಇದಕ್ಕೆಂದೇ ಬಂದದ್ದು, ಹೇಳು ಬಸಕ್ಕ, ಮೂವತ್ತು ಅನ್ನು, ಮುನ್ನೂರು ಅನ್ನು, ಎದುರಿಗೆ ಮಂಜು ಕವಿದಂಥ ಗಾಜು, ಗಾಜಿನೊಳಗೆ ಕುಡಿ, ಕುಡಿಯ ಆಚೆ ಕನ್ನಡಕ ತೆಗೆದ ಹುಲಿಯಮ್ಮನ ಮುಖ, ಒಂದು ಕಣ್ಣು ಇವಳನ್ನೇ ನೋಡುತ್ತಿದೆ, ಇನ್ನೊಂದು ಸುಮ್ಮನೆ ತೆರೆದಿದೆ, ಅಕ್ಕ, ಹೇಳೇ, ಯಾಕೆ ಅಳ್ತೀ — ಮೂವತ್ತಲ್ಲ, ಒಂದೇ, ದಾರದಷ್ಟು ಸಣ್ಣದು, ಕುಡಿಯನ್ನು ಮುಟ್ಟದೆ ದೂರದಲ್ಲಿ ಸುತ್ತಿ ನಿಂತಿದೆ, ಒಳಗೆ ನೀಲಿ, ನಡುವೆ ಹಳದಿಯೋ ಏನೋ, ಹೊರಗೆ, ಹೊರಗಿನ ಸುತ್ತು ಕೆಂಪು, ಕೆಂಪು