ಗೆರ್ಗಿನಾಳ ಚೀಲದಲ್ಲಿ ಉಳಿದ ಕಾಗದ

ಮಾರ್ಗಾಳ ಬಲಗೈ ಮೊಣಕೈವರೆಗೂ ಅಂಚೆಚೀಲದೊಳಗೆ ಇಳಿದಿತ್ತು. ಬೆರಳಿಗೆ ಮೊದಲು ಒಂದು ಗಟ್ಟಿ ಪೊಟ್ಟಣ ತಗುಲಿತು, ಆಮೇಲೆ ಸುರುಳಿ ಸುತ್ತಿದ ಪತ್ರಿಕೆ, ತಳದಲ್ಲಿ ಕಾಗದಗಳ ಕಟ್ಟು. ಕಟ್ಟಿಗೆ ದಾರ ಬಿಗಿದಿತ್ತು. ಗೆರ್ಗಿನಾ ಹಾಕಿದ ಗಂಟು ಒಂದೇ ಕೈಯಲ್ಲಿ ಬಿಚ್ಚುವಂಥದ್ದಲ್ಲ.

"ಮಾರ್ಗಕ್ಕಾ, ಹೂವು ಇಡೋದು ಒಳಗಡೆ, ಪೆಟ್ಟಿಗೇಲಿ. ಅದು ಚೀಲ."

ರಾದೋಯ್ ಬಾಗಿಲಲ್ಲಿ ನಿಂತಿದ್ದ. ನಿನ್ನೆ ಬೆಳಿಗ್ಗೆಯಿಂದ ಅವನು ಹೆಂಡತಿ ಇಲ್ಲದವನು. ಅದಕ್ಕೂ ಮುಂಚೆ ಮೂವತ್ತೆಂಟು ವರ್ಷ ನಮ್ಮ ಗೋರ್ನೊ ಯಾಸೆನ್ ಊರಿನ ಅಂಚೆಯವಳ ಗಂಡ. ಗೆರ್ಗಿನಾ ಬೂಟಿನ ಲಾಡಿ ಕಟ್ಟಲು ಬಗ್ಗಿದವಳು ಮತ್ತೆ ಏಳಲಿಲ್ಲ. ಒಂದು ಬೂಟು ಕಟ್ಟಿಯಾಗಿತ್ತು. ಈಗ ಒಳಕೋಣೆಯಲ್ಲಿ ನೀಲಿ ಸಮವಸ್ತ್ರ ತೊಟ್ಟು, ಎರಡೂ ಬೂಟು ಕಟ್ಟಿಸಿಕೊಂಡು, ಟ್ಯೂಲಿಪ್ ಹೂಗಳ ನಡುವೆ ಮಲಗಿದ್ದಳು.

ಮಾರ್ಗಾ ಕೈ ಹೊರಗೆಳೆದಳು. "ನನ್ನದೊಂದು ಕಾಗದ ಇದೆ ಇದರಲ್ಲಿ. ಸೋಮವಾರ ಕೊಟ್ಟಿದ್ದು. ನನಗೆ ವಾಪಸ್ ಬೇಕು ರಾದೋಯ್."

"ಯಾರಿಗೆ ಬರೆದಿದ್ದೆ?"

"ಇನ್ಯಾರಿಗೆ ಬರೀತೀನಿ ನಾನು?"

ಅವಳು ಬರೆಯುವುದು ಕೂನಾಳಿಗೆ ಮಾತ್ರ, ಅದು ಊರಿಗೆಲ್ಲ ಗೊತ್ತಿದ್ದ ವಿಷಯ. ಕೂನಾ ಎಂದರೆ ಮಾರ್ಗಾಳ ತೀರಿಹೋದ ತಮ್ಮ ಇಲಿಯಾನ ಹೆಂಡತಿ. ಇಬ್ಬರ ಮನೆಯೂ ಎದುರುಬದುರು, ನಡುವೆ ಒಂದು ಗಾಡಿ ಹೋಗುವಷ್ಟು ಓಣಿ. ಹತ್ತೊಂಬತ್ತು ವರ್ಷದ ಹಿಂದೆ ಇಲಿಯಾನ ನಲವತ್ತನೇ ದಿನದ ಊಟಕ್ಕೆ ಇಬ್ಬರೂ ತೀರಿಹೋದವರ ಹೆಸರಲ್ಲಿ ಹಂಚುವ ಸಿಹಿಗೋಧಿಯನ್ನು ಬೇರೆ ಬೇರೆ ಬೇಯಿಸಿ ತಂದಿದ್ದರು. ಜನ ಒಂದು ಪಾತ್ರೆಯನ್ನು ಮಾತ್ರ ಖಾಲಿ ಮಾಡಿದರು. ಯಾವ ಪಾತ್ರೆ ಎಂಬ ಬಗ್ಗೆ ಊರಿನಲ್ಲಿ ಇವತ್ತಿಗೂ ಒಮ್ಮತವಿಲ್ಲ. ಅಂದು ನಿಂತ ಮಾತು ಮತ್ತೆ ಶುರುವಾಗಲಿಲ್ಲ, ಬೈಗುಳವೆಲ್ಲ ಅಂಚೆಯಲ್ಲೇ.

"ಏನು ಬರೆದಿದ್ದೀಯ ಅಂಥದ್ದು?"

ಮಾರ್ಗಾ ದನಿ ತಗ್ಗಿಸಿದಳು. "ಸತ್ತ ತಮ್ಮನ ಬಾಯಲ್ಲಿ ಸುಳ್ಳು ಆಡಿಸಿದ್ದೀನಿ. 'ಅಕ್ಕಾ, ಇವಳ ಕೈಯಡುಗೆ ತಿಂದು ಸಾಕಾಯ್ತು, ಇವಳನ್ನ ಕಟ್ಟಿಕೊಂಡಿದ್ದೇ ತಪ್ಪು' ಅಂತ ಸಾಯೋ ಮುಂಚೆ ನನ್ನ ಹತ್ರ ಹೇಳಿದ್ದ ಅಂತ. ಅವನು ಹಾಗೆ ಹೇಳೇ ಇಲ್ಲ. ಯಾವತ್ತೂ ಹೇಳಿಲ್ಲ."

"ಯಾಕೆ ಬರೆದೆ ಮತ್ತೆ?"

"ಅವಳ ಕೋಳಿ ನನ್ನ ಈರುಳ್ಳಿ ಪಾತಿ ಕೆದಕಿತ್ತು."

ರಾದೋಯ್ ಮುಖಕ್ಕೆ ಕೈ ಅಡ್ಡ ಹಿಡಿದ. ಅಳುತ್ತಿದ್ದಾನೋ ನಗುತ್ತಿದ್ದಾನೋ ಮಾರ್ಗಾಳಿಗೆ ತಿಳಿಯಲಿಲ್ಲ. ಬಾಗಿಲ ಸಂದಿಯಿಂದ ಕೂನಾ ಕಾಣುತ್ತಿದ್ದಳು. ಪೆಟ್ಟಿಗೆಯ ತಲೆದೆಸೆಯಲ್ಲಿ ಕುಳಿತು ಗೆರ್ಗಿನಾಳ ಕಾಲರು ನೇರ ಮಾಡುತ್ತಿದ್ದಳು. ಅವಳೂ ಮುದುಕಿಯಾಗಿದ್ದಾಳೆ ಎಂಬುದು ಮಾರ್ಗಾಳ ಕಣ್ಣಿಗೆ ಬಿದ್ದದ್ದು ಆಗಲೇ.

"ಕೊಡೋಕಾಗಲ್ಲ ಮಾರ್ಗಕ್ಕಾ. ಚೀಲಕ್ಕೆ ಬಿದ್ದ ಕಾಗದ ಬರೆದೋರದ್ದಲ್ಲ, ಮೇಲೆ ಹೆಸರಿರೋರದ್ದು. ಇವತ್ತು ಅವಳು ಮಲಗಿದ್ದಾಳೆ ಅಂತ ನಾನು ಕೊಟ್ಟುಬಿಟ್ರೆ, ಎದ್ದು ಬಂದು ನನಗೆ ಬಾರಿಸ್ತಾಳೆ."

*

ಒಂದು ಫೆಬ್ರವರಿಯಲ್ಲಿ, ಮೊಣಕಾಲುದ್ದ ಹಿಮದಲ್ಲಿ, ಈಗ ಊರಿನ ಮೇಯರ್ ಆಗಿರುವ ವಲ್ಕೊ ಗುಡ್ಡದ ದಾರಿಯಲ್ಲಿ ಗೆರ್ಗಿನಾಳ ಹಿಂದೆ ಓಡಿದ್ದ. ಆಗ ಅವನಿಗೆ ಇಪ್ಪತ್ನಾಲ್ಕು. ಮೇಲಿನ ಕೇರಿಯ ಶಾಲೆಗೆ ಬಂದಿದ್ದ ಟೀಚರ್ ದೆಸಾನಾಗೆ ಕಾಗದ ಬರೆದು ಡಬ್ಬಿಗೆ ಹಾಕಿಬಿಟ್ಟಿದ್ದ. ಬೆಳಗಾದ ಮೇಲೆ ಬರೆದದ್ದು ನೆನಪಾಗಿತ್ತು.

"ಗೆರ್ಗಿನಾ, ಕೊಟ್ಬಿಡೇ. ಕುಡಿದು ಬರೆದಿದ್ದು. ಅವಳು ಕ್ಲಾಸಿನಲ್ಲಿ ಮಕ್ಕಳ ಮುಂದೆ ಓದಿ, ತಪ್ಪು ತಿದ್ದುತಾಳೆ."

ಗೆರ್ಗಿನಾ ಒಂದು ಬಂಡೆಯ ಮೇಲಿನ ಹಿಮ ಗುಡಿಸಿ, ಚೀಲ ಇಟ್ಟು, ಅದರ ಮೇಲೆ ಕೂತಳು. ಜೇಬಿನಿಂದ ಬ್ರೆಡ್ಡು ಚೀಸು ತೆಗೆದು ಅವನಿಗೂ ಅರ್ಧ ಮುರಿದುಕೊಟ್ಟಳು.

"ಒಂದು ಕುರಿಮರಿ ಕೊಡ್ತೀನಿ ಕಣೇ."

"ತಿನ್ನು. ಬೆಟ್ಟ ಹತ್ತೋಕೆ ಶಕ್ತಿ ಬೇಕು."

ಅವಳು ಹತ್ತಿದಳು, ಅವನು ಗೊಣಗುತ್ತ ಹಿಂಬಾಲಿಸಿದ. ದೆಸಾನಾ ಬಾಗಿಲಲ್ಲೇ ಕಾಗದ ಒಡೆದು ಓದಿ, ನಿಜವಾಗಿಯೂ ಮೂರು ಕಡೆ ತಪ್ಪು ತೋರಿಸಿದಳು. ಆಮೇಲೆ, ಇಷ್ಟು ದೂರ ಬಂದಿದ್ದೀರಲ್ಲ, ಒಳಗೆ ಬನ್ನಿ, ಟೀ ಮಾಡ್ತೀನಿ ಅಂದಳು. ವಲ್ಕೊ ದೆಸಾನಾ ದಂಪತಿಯ ಹಿರಿಮಗಳ ಹೆಸರು ಗೆರ್ಗಿನಾ.

*

ಶವಪೆಟ್ಟಿಗೆ ಚರ್ಚಿನ ಹಿಂದಿನ ಸ್ಮಶಾನ ಮುಟ್ಟುವಾಗ ಬಿಸಿಲು ಚೆನ್ನಾಗಿಯೇ ಏರಿತ್ತು. ಪಾದ್ರಿ ಸೊತೀರ್ ಪುಸ್ತಕವನ್ನು ಮೂಗಿಗೆ ತಾಗಿಸಿ ಹಿಡಿದು ಒಂದು ಸಾಲು ಓದಿದರು, ಮೂರು ಸಾಲು ನೆನಪಿನಿಂದ ಹೇಳಿದರು, ಒಂದು ಪುಟ ಹಾರಿಸಿದರು.

"ಕ್ಷಮಿಸಬೇಕು," ಎಂದರು ಕೊನೆಗೆ. "ಕನ್ನಡಕ ಒಡೆದು ಮೂರು ವಾರ ಆಯ್ತು. ಹೊಸದು ಅಂಚೇಲಿ ಬರಬೇಕಿತ್ತು. ದಿನಾ ಕೇಳ್ತಿದ್ದೆ ಪಾಪ ಇವಳನ್ನ."

ಎಲ್ಲರ ಕಣ್ಣೂ ರಾದೋಯ್‌ನ ಹೆಗಲ ಕಡೆ ತಿರುಗಿತು. ಅವನು ಚೀಲವನ್ನು ಹೊತ್ತುಕೊಂಡೇ ಬಂದಿದ್ದ. ಮಣ್ಣು ಹಾಕಿ, ವೈನ್ ಸುರಿದು, ಸಿಹಿಗೋಧಿ ಹಂಚಿ ಆದ ಮೇಲೆ ಅವನು ಗಂಟಲು ಸರಿಮಾಡಿಕೊಂಡ.

"ಪಟ್ಟಣದ ಆಫೀಸಿನೋರು ಫೋನ್ ಮಾಡಿದ್ರು. ಚೀಲ ತಗೊಂಡು ಹೋಗೋಕೆ ಶುಕ್ರವಾರ ಬರ್ತಾರಂತೆ. ಅಲ್ಲೀವರೆಗೂ ಇದು ಹೀಗೇ ತುಂಬಿಕೊಂಡು ಗೂಟದಲ್ಲಿ ನೇತಾಡಬೇಕಂತೆ. ಅವಳು ಬದುಕಿದ್ರೆ ಒಪ್ಪುತಿದ್ದಳಾ?"

ಎಲ್ಲರೂ ಮೇಯರ್ ಕಡೆ ನೋಡಿದರು. ವಲ್ಕೊ ನಿಧಾನವಾಗಿ ಆಕ್ರೋಟಿನ ಮರದ ಕಡೆ ಮುಖ ತಿರುಗಿಸಿದ. "ಸರ್ಕಾರದ ಅಂಚೆ ಅದು. ಕಾನೂನು ಇದೆ. ನಾನು ಈ ಮರ ನೋಡ್ತಾ ಇದ್ದೀನಿ. ತುಂಬ ಹೊತ್ತು ನೋಡ್ತೀನಿ."

ಅಂಚೆ ಹಂಚುವುದು ಶುರುವಾಯಿತು, ಚರ್ಚಿನ ಗೇಟೇ ಮೊದಲನೆಯದು. ಪಾದ್ರಿ ಒಳಗೆ ಹೋಗಿ ಗೇಟು ಹಾಕಿಕೊಂಡು ನಿಂತರು; ಗೆರ್ಗಿನಾ ಯಾರಿಗೂ ದಾರಿಯಲ್ಲಿ ಕಾಗದ ಕೊಟ್ಟವಳಲ್ಲ. ರಾದೋಯ್ ಪೊಟ್ಟಣ ಚಾಚಿದ. ಪಾದ್ರಿ ಅದನ್ನು ಬಿಚ್ಚಿ ಹೊಸ ಕನ್ನಡಕ ಏರಿಸಿಕೊಂಡು, ಸಾಲಾಗಿ ಎಲ್ಲರ ಮುಖ ನೋಡಿದರು.

"ಅಯ್ಯೋ ದೇವರೇ, ಎಷ್ಟು ವಯಸ್ಸಾಗಿಬಿಟ್ಟಿದೆ ನಿಮಗೆಲ್ಲ."

ಅಲ್ಲಿಂದ ಮುಂದೆ ಅದು ಯಾವ ಮೆರವಣಿಗೆ ಎಂದು ಹೇಳುವುದು ಕಷ್ಟವಾಯಿತು. ಕಪ್ಪು ಬಟ್ಟೆಯ ಜನ ಗೆರ್ಗಿನಾಳ ದಾರಿ ಹಿಡಿದರು: ಬಾವಿ, ಬೇಕರಿ, ಮುರಿದ ಸೇತುವೆ. ತನ್ನ ಮನೆ ಹತ್ತಿರ ಬಂತು ಅನ್ನುವಷ್ಟರಲ್ಲಿ ಒಬ್ಬೊಬ್ಬರೂ ಗುಂಪು ಬಿಟ್ಟು ಮುಂದೆ ಓಡಿ, ಗೇಟಿನ ಹಿಂದೆ ನಿಂತು, ಅಷ್ಟು ಹೊತ್ತಿನಿಂದ ಕಾದವರ ಹಾಗೆ ಮುಖ ಮಾಡುತ್ತಿದ್ದರು. ಪತ್ರಿಕೆ ಬಂದವನು ರಾಕಿಯಾ ಎಂಬ ಹಣ್ಣಿನ ಸಾರಾಯಿಯ ಬಾಟಲಿ ತಂದ. ವಿದ್ಯುತ್ ಬಿಲ್ಲು ಬಂದವನೂ ತಂದ. ಅಂಚೆಯಲ್ಲಿ ಏನೂ ಬಾರದಿದ್ದ ದೊಬ್ರಿ ಎಂಬ ಬಡಗಿ ಮಾತ್ರ ಗೇಟು ಬಿಟ್ಟು ಅಲ್ಲಾಡಲಿಲ್ಲ.

"ನನಗೆ ಇಪ್ಪತ್ತು ವರ್ಷದಿಂದ ಏನೂ ಬಂದಿಲ್ಲ. ಆದ್ರೂ ಅವಳು ನಿಂತು 'ಇವತ್ತಿಲ್ಲ ದೊಬ್ರಿ, ನಾಳೆ ನೋಡೋಣ' ಅಂತಿದ್ದಳು. ಅದನ್ನಾದ್ರೂ ಹೇಳಿ ಹೋಗ್ರೋ."

"ಇವತ್ತಿಲ್ಲ ದೊಬ್ರಿ," ಎಂದ ರಾದೋಯ್. "ನಾಳೆ ನೋಡೋಣ."

"ಆಯ್ತು," ಎಂದು ದೊಬ್ರಿ ಗೇಟು ತೆಗೆದು ಅವರ ಜೊತೆ ಹೊರಟ.

ಮಾರ್ಗಾ ಮಾತ್ರ ಕುಡಿಯಲಿಲ್ಲ. ಪ್ರತಿ ಗೇಟಿನಲ್ಲೂ ಕಟ್ಟು ತೆಳ್ಳಗಾಗುವುದನ್ನು ನೋಡುತ್ತ ನಡೆದಳು.

*

ಜಗಳದ ಮೊದಲ ಕಾಗದವನ್ನು ಮಾರ್ಗಾ ಗೆರ್ಗಿನಾಳ ಕೈಯಲ್ಲೇ ಇಟ್ಟು, "ಎದುರು ಮನೆಗೆ," ಎಂದಿದ್ದಳು. ಗೆರ್ಗಿನಾ ಓಣಿಯನ್ನೊಮ್ಮೆ ನೋಡಿದಳು. ಆರು ಹೆಜ್ಜೆ. ಕಾಗದವನ್ನು ಚೀಲಕ್ಕೆ ಹಾಕಿ, ಗುಡ್ಡ ಹತ್ತಿ ಕಚೇರಿಗೆ ಒಯ್ದು, ಮುದ್ರೆ ಒತ್ತಿ, ಮರುದಿನ ಮತ್ತೆ ಗುಡ್ಡ ಇಳಿದು ಕೂನಾಳ ಗೇಟಿಗೆ ತಂದಳು. ಅವರಿಬ್ಬರ ಜಗಳವನ್ನು ಹತ್ತೊಂಬತ್ತು ವರ್ಷ ಹೀಗೆ ಹೊತ್ತಳು. ಮಾತಾಡಿಕೊಳ್ಳಿ ಎಂದು ಒಂದು ದಿನವೂ ಬುದ್ಧಿ ಹೇಳಲಿಲ್ಲ. ಮಳೆ ಬಂದರೆ ಕಾಗದವನ್ನು ಕೋಟಿನ ಒಳಗಿಟ್ಟುಕೊಂಡು ಬರುತ್ತಿದ್ದಳು, ಅಷ್ಟೇ. ಬೈಗುಳ ಒದ್ದೆಯಾಗದೆ ತಲುಪುತ್ತಿತ್ತು.

*

ಓಣಿಯ ಬಾಯಿಗೆ ಬಂದಾಗ ಚೀಲದಲ್ಲಿ ಒಂದೇ ಒಂದು ಕಾಗದ ಉಳಿದಿತ್ತು. ಕೂನಾ ಆಗಲೇ ಮುಂದೆ ಹೋಗಿ ತನ್ನ ಗೇಟಿನ ಹಿಂದೆ ನಿಂತಿದ್ದಳು. ರಾದೋಯ್ ಕಾಗದ ತೆಗೆದು ಮಾರ್ಗಾಳ ಕೈಗೆ ಕೊಟ್ಟ.

"ವಾಪಸ್ ಕೊಡ್ತಿಲ್ಲ. ತಲುಪಿಸೋಕೆ ಕೊಡ್ತಿದ್ದೀನಿ."

"ನಾನು ಹೋಗಲ್ಲ."

"ಪಶ್ಚಾತ್ತಾಪ ಅಂತ ಬಂದೋರಿಗೆ ಅವಳು ಏನು ಹೇಳ್ತಿದ್ದಳು ಗೊತ್ತಾ? 'ಇದನ್ನ ಕೊಡಲ್ಲ. ಇನ್ನೊಂದು ಬರೆದುಕೊಡಿ, ಎರಡೂ ಒಟ್ಟಿಗೆ ಒಯ್ತೀನಿ, ಹೊಸದನ್ನ ಮೇಲಿಟ್ಟು ಕೊಡ್ತೀನಿ' ಅಂತ."

"ಈಗ ಕೂತು ಬರೆಯೋಕಾಗುತ್ತಾ?"

"ನಿನ್ನ ನಾಲಿಗೆ ಚೆನ್ನಾಗೇ ಇದೆಯಲ್ಲ."

ಗುಂಪು ಓಣಿಯ ಬಾಯಲ್ಲೇ ನಿಂತಿತು. ಮಾರ್ಗಾಳ ಬಲಕ್ಕೆ ಸ್ವಂತ ಮನೆ. ಒಳಗೆ ಒಲೆಯಲ್ಲಿ ಕೆಂಡ ಇನ್ನೂ ಇತ್ತು. ಒಂದು ಸಲ ಒಳಗೆ ಹೋಗಿಬಂದರೆ ಕಾಗದ ಬೂದಿ. ಅವಳು ಎಡಕ್ಕೆ ತಿರುಗಿ ಆರು ಹೆಜ್ಜೆ ಇಟ್ಟಳು.

"ಕಾಗದ ಇದೆ," ಎಂದಳು.

ಕೂನಾ ಕೈ ಚಾಚಿದಳು. "ಕೊಡು ಅತ್ತಿಗೆ."

"ಒಡೆಯೋ ಮುಂಚೆ ಇನ್ನೊಂದಿದೆ. ಅದು ಬಾಯಲ್ಲಿದೆ. ಒಳಗೆ ಇಲಿಯಾ ಹೇಳಿದ ಅಂತ ಬರೆದಿರೋದು ಸುಳ್ಳು. ಅವನು ಹೇಳಿಲ್ಲ. ಕೋಪದಲ್ಲಿ ನಾನು ಹೇಳಿಸಿದೆ."

"ಏನು ಹೇಳಿಸಿದೆ?"

"ನಿನ್ನ ಅಡುಗೆ ಬಗ್ಗೆ. ನಿನ್ನ ಕಟ್ಟಿಕೊಂಡಿದ್ದರ ಬಗ್ಗೆ."

ಕೂನಾ ಲಕೋಟೆಯನ್ನು ಒಡೆಯದೆ ಹಿಂದುಮುಂದು ತಿರುಗಿಸಿದಳು. "ನಿಜವಾಗ್ಲೂ ಏನಂತಿದ್ದ? ನನ್ನ ಬಗ್ಗೆ. ನಿನ್ನ ಹತ್ರ."

ಮಾರ್ಗಾ ತಲೆವಸ್ತ್ರದ ತುದಿ ಹಿಡಿದುಕೊಂಡಳು. "ಕೊನೇ ಬೇಸಿಗೇಲಿ ನನ್ನ ಜಗಲಿ ಮೇಲೆ ಕೂತು ಹೇಳಿದ್ದ. 'ಅಕ್ಕಾ, ಕೂನಾ ಮರ ಕುಯ್ದ ಹಾಗೆ ಗೊರಕೆ ಹೊಡೀತಾಳೆ. ಅದು ನಿಂತರೆ ನನಗೆ ಎಚ್ಚರ ಆಗಿಬಿಡುತ್ತೆ, ಬಗ್ಗಿ ಉಸಿರಿದೆಯಾ ಅಂತ ನೋಡ್ತೀನಿ' ಅಂದ."

ಕೂನಾ ಗೇಟಿನ ಪಕ್ಕದ ಬೆಂಚಿನ ಮೇಲೆ ಧೊಪ್ಪೆಂದು ಕೂತಳು.

"ಹತ್ತೊಂಬತ್ತು ವರ್ಷ. ಇದನ್ನ ಯಾಕೆ ಬರೀಲಿಲ್ಲ ನೀನು?"

"ಬರೆದಿದ್ರೆ ಜಗಳ ಮುಗಿದುಹೋಗ್ತಿತ್ತು."

ಕೂನಾ ನಗತೊಡಗಿದಳು. ನಗುತ್ತ ಕಣ್ಣೊರೆಸಿಕೊಂಡಳು, ಕಣ್ಣೊರೆಸಿಕೊಳ್ಳುತ್ತ ಗೇಟಿನ ಅಗುಳಿ ತೆಗೆದು ಬೆಂಚಿನ ಮೇಲೆ ಪಕ್ಕಕ್ಕೆ ಸರಿದಳು. ಲಕೋಟೆ ಅವಳ ತೊಡೆಯ ಕೆಳಗೆ ಸೇರಿಹೋಯಿತು. ಓಣಿಯ ಬಾಯಲ್ಲಿ ಯಾರೋ ಬಾಟಲಿಯ ಬಿರಡೆ ತೆಗೆದರು.

ಮಾರ್ಗಾ ಕೂತಳು. ತನ್ನ ಮನೆಯನ್ನು ಇಲ್ಲಿಂದ ನೋಡಿ ಹತ್ತೊಂಬತ್ತು ವರ್ಷವಾಗಿತ್ತು. ಮಾಡಿನ ಅಂಚಿನಲ್ಲಿ ಮೂರು ಹೆಂಚು ಜಾರಿದ್ದವು.

"ಅದೇನೇ ಅದು? ನನಗೆ ಒಂದು ಮಾತು ಬರೀಬಾರದಿತ್ತಾ?"

"ಎರಡು ಸಲ ಬರೆದೆ. 'ನನ್ನ ಮಾಡಿನ ಮೇಲೆ ಕಣ್ಣು ಹಾಕಬೇಡ' ಅಂತ ನೀನು ಮಾರುತ್ತರ ಬರೆದೆ."

ಒಂದು ಗುಬ್ಬಿ ಹುಲ್ಲೆಳೆ ಕಚ್ಚಿಕೊಂಡು ಬಂದು, ಜಾರಿದ ಹೆಂಚಿನ ಸಂದಿಯೊಳಗೆ ನುಸುಳಿತು. ಮರುಗಳಿಗೆಯಲ್ಲಿ ಬರಿಗೊಕ್ಕಿನಲ್ಲಿ ಹೊರಬಂದು, ಓಣಿ ದಾಟಿ, ಅವರಿಬ್ಬರ ಕಾಲ ಬಳಿ ಇಳಿದು, ಕೂನಾಳ ಅಂಗಳದಲ್ಲಿ ಇನ್ನೊಂದು ಎಳೆ ಹುಡುಕತೊಡಗಿತು.