ತೊಳೆದ ಹೊಗೆ

ಪರೇಲಿನ ಆ ಕಾರ್ಖಾನೆಯಲ್ಲಿ ಬಾಯ್ಲರಿನ ಹೊಗೆಯನ್ನು ಸುಮ್ಮನೆ ಆಕಾಶಕ್ಕೆ ಬಿಡುತ್ತಿರಲಿಲ್ಲ. ಅದನ್ನು ಕ್ಷಾರದ ನೀರಿನಲ್ಲಿ ತೊಳೆದು, ಸೋಡಾಕ್ಕೆ ಬೇಕಾದ ಗ್ಯಾಸನ್ನಷ್ಟೇ ಹಿಡಿದು ಸಿಲಿಂಡರಿಗೆ ತುಂಬುತ್ತಿದ್ದರು. ತೊಳೆಯುವ ಕೆಲಸ ಸಿದ್ದರಾಮಪ್ಪನದು. ತನ್ನ ಗ್ಯಾಸಿನಲ್ಲಿ ಎಳ್ಳಷ್ಟು ಹೊಗೆ ಉಳಿದಿದೆ ಎಂದವರ ಮೇಲೆ ಅವನು ಹರಿಹಾಯುತ್ತಿದ್ದ.

ತಿಂಗಳಿಗೊಂದು ಸಿಲಿಂಡರ್ ರೈಲಿನಲ್ಲಿ ಅವನ ಊರು ವಿಜಾಪುರಕ್ಕೆ, ಸಂಗಪ್ಪನ ಸೋಡಾ ಅಂಗಡಿಗೆ ಹೋಗುತ್ತಿತ್ತು. ಅದರ ಮೇಲೆ ಅವನು ಮೂರು ಬೆರಳಿನಲ್ಲಿ ವಿಭೂತಿ ಎಳೆದು ಕಳಿಸುತ್ತಿದ್ದ. ಅಂಗಡಿಯ ಹಿಂದಿನ ಓಣಿಯಲ್ಲಿದ್ದ ಹೆಂಡತಿ ನಾಗವ್ವನಿಗೆ ಓದು ಬಾರದು. ವಿಭೂತಿ ಕಂಡರೆ ಗಂಡ ಕ್ಷೇಮ ಎಂದು ತಿಳಿಯುತ್ತಿದ್ದಳು. ಹತ್ತು ಗಂಡಸರು ಮಲಗುವ ಚಾಳಿನ ಖೋಲಿಗೆ ಅವಳನ್ನು ಕರೆಸುವುದಾದರೂ ಹೇಗೆ?

ಈ ಸಲ ಖಾಲಿ ಸಿಲಿಂಡರಿನ ಜೊತೆ ಸಂಗಪ್ಪನ ಚೀಟಿ ಬಂತು: "ಸಿಲಿಂಡರ್ ಬಂದ ದಿನ ನಾಗವ್ವ ಬಂದು ಸೋಡಾ ಕುಡಿತಾಳ. ಕಣ್ಣಾಗ ನೀರು ಸುರಿತಾವು. ಯಾಕವ್ವಾ ಅಂದ್ರ, ಸೋಡಾದಾಗ ಹೊಗಿ ಐತಿ ಅಂತಾಳ. ಬ್ಯಾರೆ ಯಾರಿಗೂ ಹಂಗ ಆಗಿಲ್ಲ. ಗ್ಯಾಸ್ ಸರಿಯಾಗಿ ತೊಳದೀಯೇನಪಾ?"

ಸಿದ್ದರಾಮಪ್ಪ ಎರಡು ಸಲ ಓದಿದ. ಆಮೇಲೆ ಅದೇ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ: "ತಪ್ಪು ನಂದ ಐತಿ ಅಣ್ಣಾ. ಹೊಗಿ ಉಳದೈತಿ."